ಎರಡನೆಯ ಕುರ್ಚಿಯ ಮನುಷ್ಯ

ದೆಹಲಿಯ ಚಳಿಯಲ್ಲಿ ರಾತ್ರಿ ಒಂದೂವರೆ ಗಂಟೆಗೆ ಎದ್ದು ಕೂತು ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾಚು ನೋಡುವವರನ್ನು ಹುಚ್ಚರು ಅನ್ನದೆ ಇನ್ನೇನನ್ನಬೇಕು? ಅಂಥ ಹುಚ್ಚರು ವಸಂತ್ ಕುಂಜ್‌ನ ನಮ್ಮ ಬಾಡಿಗೆ ಕೋಣೆಯಲ್ಲೇ ಮೂವರಿದ್ದಾರೆ. ನಾಲ್ಕನೆಯವನು ನಾನು. ಮೂವರಲ್ಲಿ ಒಬ್ಬ ಧಾರವಾಡದವನು, ಒಬ್ಬ ಮಂಗಳೂರಿನವನು, ಇನ್ನೊಬ್ಬ ಕೆಜಿಎಫ್‌ನವನು. ಇರುವುದು ಒಂದೇ ಹೀಟರು, ಎರಡು ರಜಾಯಿ. ಕಿಟಕಿಯ ಆಚೆ ಮಂಜು ಎಷ್ಟು ದಟ್ಟವೆಂದರೆ ಎದುರಿನ ಡಿಡಿಎ ಫ್ಲಾಟುಗಳೇ ಕಾಣುವುದಿಲ್ಲ. ಒಳಗೆ ಮಾತ್ರ ಕೂಗಾಟ.

ಒಂದು ರಾತ್ರಿ ಆಟ ಮುಗಿದ ಮೇಲೂ ಕೂಗಾಟ ನಿಲ್ಲಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಕಟ್ಟಿದವರು ಯಾರು ಅನ್ನುವುದು ವಾದ. ಧಾರವಾಡದವನು ಫರ್ಗುಸನ್ ಅಂದ. ಮಂಗಳೂರಿನವನು ಸ್ವಲ್ಪ ಓದಿಕೊಂಡವನು, ಮ್ಯಾಟ್ ಬಸ್ಬಿ ಅಂದ. ಮರ್ಫಿಯ ಹೆಸರು ಕೇಳಿದ್ದೀರಾ ಅಂತ ನಾನು ಕೇಳಿದರೆ ಮೂವರೂ ಸುಮ್ಮನಾದರು. ಕ್ಲಬ್ಬಿನ ಕೆಂಪು ಜೆರ್ಸಿಯನ್ನು ಮೈಮೇಲೆ ಹಾಕಿಕೊಂಡೇ ಮಲಗುವವನಿಗೂ ಗೊತ್ತಿರಲಿಲ್ಲ. ಆ ಮೌನದಿಂದ ಹುಟ್ಟಿದ ಲೇಖನ ಇದು. ನಮ್ಮ ಕೂಟದ ಪತ್ರಿಕೆಯಲ್ಲಿ ಕವಿಗಳ ಜೀವನವೇ ಬರಬೇಕು ಅಂತ ಯಾರೂ ಕಟ್ಟು ಮಾಡಿಲ್ಲವಾದ್ದರಿಂದ ಧೈರ್ಯ ಮಾಡಿ ಕೊಡುತ್ತಿದ್ದೇನೆ. ಇನ್ನೊಂದು ಮಾತು. ಹಿರಿಯನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಅದು ಅಗೌರವವಲ್ಲ, ಸಲಿಗೆ.

ಜೇಮ್ಸ್ ಪ್ಯಾಟ್ರಿಕ್ ಮರ್ಫಿ, ಎಲ್ಲರ ಬಾಯಲ್ಲಿ ಜಿಮ್ಮಿ, ಹುಟ್ಟಿದ್ದು 1910ರ ಆಗಸ್ಟ್ 8ರಂದು, ದಕ್ಷಿಣ ವೇಲ್ಸಿನ ರೊಂದಾ ಕಣಿವೆಯ ಟಾನ್ ಪೆಂಟ್ರ್ ಎಂಬ ಊರಿನಲ್ಲಿ. ಅಪ್ಪ ಐರ್ಲೆಂಡಿನವನು, ಅಮ್ಮ ವೇಲ್ಸಿನವಳು. ರೊಂದಾ ಅಂದರೆ ಕಲ್ಲಿದ್ದಲು. ಕಣಿವೆಯ ಎರಡೂ ಬದಿಗೆ ಸಾಲುಮನೆ, ನಡುವೆ ಗಣಿಯ ಬಾಯಿ, ಮೇಲೆ ಕರಿಗುಡ್ಡ. ಆ ಸೀಮೆಯ ಗಣಿಗಳ ಕಥೆ ಸಾಮಾನ್ಯದ್ದಲ್ಲ. ಮರ್ಫಿ ಮೂರು ವರ್ಷದ ಕೂಸಾಗಿದ್ದಾಗ, 1913ರಲ್ಲಿ, ಅಲ್ಲಿಗೆ ದೂರವಲ್ಲದ ಸೆಂಗೆನಿತ್ ಗಣಿಯಲ್ಲಿ ಸ್ಫೋಟವಾಗಿ 439 ಮಂದಿ ಕೂಲಿಗಳು ಸತ್ತರು. ಅವನು ಹದಿನೈದರ ಹುಡುಗನಾಗಿದ್ದಾಗ, 1926ರಲ್ಲಿ, ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆದು ತಿಂಗಳುಗಟ್ಟಲೆ ಕಣಿವೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ. ಇದನ್ನು ಓದಿ ಹೇಳಿದಾಗ ನಮ್ಮ ಕೆಜಿಎಫ್ ಗೆಳೆಯ ರಜಾಯಿಯಿಂದ ತಲೆ ಹೊರಗೆ ಹಾಕಿದ. ಅವನ ತಾತ ಚಿನ್ನದ ಗಣಿಯಲ್ಲಿ ಇಳಿದವನು. ಗಣಿ ಇರುವ ಕಡೆಯೆಲ್ಲ ಒಂದು ಚರ್ಚು, ಒಂದು ಬ್ಯಾಂಡು, ಒಂದು ಫುಟ್‌ಬಾಲ್ ಮೈದಾನ ಇದ್ದೇ ಇರುತ್ತೆ ಕಣೋ ಅಂತ ಅವನು ಹೇಳಿದ್ದು ರೊಂದಾಕ್ಕೂ ಸರಿಯೇ. ಮರ್ಫಿ ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆದರೆ ಕಾಲಿಗೆ ಚೆಂಡು ಸಿಕ್ಕಿಬಿಟ್ಟಿತ್ತು. 1924ರಲ್ಲಿ ವೇಲ್ಸಿನ ಶಾಲಾಬಾಲಕರ ತಂಡದಲ್ಲಿ ಇಂಗ್ಲೆಂಡಿನ ವಿರುದ್ಧ ಆಡಿದ. 1928ರಲ್ಲಿ, ಹದಿನೇಳು ತುಂಬಿದ್ದ ಹುಡುಗ, ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಕ್ಲಬ್ಬಿಗೆ ಸೇರಿದ. ಗಣಿಗೆ ಇಳಿಯುವುದು ತಪ್ಪಿತು.

ಆ ಕಾಲದ ಫುಟ್‌ಬಾಲಿನಲ್ಲಿ ಗೋಲಿಯ ಮುಂದೆ ಇಬ್ಬರು ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕುಗಳು, ಅವರ ಮುಂದೆ ಐದು ಜನ ಫಾರ್ವರ್ಡುಗಳು. ಮರ್ಫಿ ಹಾಫ್‌ಬ್ಯಾಕು, ಬಲಗಡೆಯವನು. ಇದು ಅಂದವಾದ ಕೆಲಸವಲ್ಲ. ಎದುರಾಳಿ ಓಡಿ ಬಂದರೆ ಅಡ್ಡ ಬೀಳಬೇಕು, ಕಾಲಿನಿಂದ ಚೆಂಡು ಕಿತ್ತುಕೊಳ್ಳಬೇಕು, ಕಿತ್ತುಕೊಂಡದ್ದನ್ನು ತನ್ನವನೊಬ್ಬನ ಕಾಲಿಗೆ ಸರಿಯಾಗಿ ಮುಟ್ಟಿಸಿ ಮತ್ತೆ ಹಿಂದಕ್ಕೆ ಓಡಬೇಕು. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಆ ಚೆಂಡು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಯಕ್ಷಗಾನದ ಚೌಕಿಯಲ್ಲಿ ಕೂತು ವೇಷ ಕಟ್ಟಿಸುವವನ ಹಾಗೆ ಅನ್ನಿ. ಕಿರೀಟ ಭದ್ರವಾಗಿದ್ದರೆ ಪ್ರೇಕ್ಷಕರಿಗೆ ಅವನ ನೆನಪಿಲ್ಲ. ಸಡಿಲವಾದರೆ ಮಾತ್ರ ಬೈಗುಳ.

ಮರ್ಫಿ ಈ ಕೆಲಸವನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ. ಆಲ್ಬಿಯನ್ ಪರವಾಗಿ ಇನ್ನೂರಕ್ಕೂ ಹೆಚ್ಚು ಮ್ಯಾಚು ಆಡಿದ. ವೇಲ್ಸ್ ದೇಶಕ್ಕೆ 15 ಸಲ ಆಡಿದ, ನಾಯಕನೂ ಆದ. 1935ರಲ್ಲಿ ಎಫ್.ಎ. ಕಪ್ಪಿನ ಫೈನಲ್ಲಿಗೆ ಹೋಗಿ ಷೆಫೀಲ್ಡ್ ವೆನ್ಸ್‌ಡೇ ಎದುರು 4-2ರಲ್ಲಿ ಸೋತ. 1939ರಲ್ಲಿ ಸ್ವಿಂಡನ್ ಟೌನ್ ಎಂಬ ಸಣ್ಣ ಕ್ಲಬ್ಬಿಗೆ ಹೋದ. ಅಷ್ಟರಲ್ಲಿ ಯುದ್ಧ ಶುರುವಾಯಿತು. ಅಲ್ಲಿಗೆ ಆಟಗಾರನ ಬದುಕು ಮುಗಿದ ಹಾಗೆಯೇ. ಇಷ್ಟರ ಮೇಲೆ ನಿಂತಿದ್ದರೆ ಹಳೆಯ ದಾಖಲೆ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯುತ್ತಿದ್ದ. ನಾನೂ ಇದನ್ನು ಬರೆಯುತ್ತಿರಲಿಲ್ಲ.

ಯುದ್ಧದಲ್ಲಿ ಎಂಟನೆಯ ಸೈನ್ಯದ ಜೊತೆ ಉತ್ತರ ಆಫ್ರಿಕದ ಮರಳುಗಾಡು ದಾಟಿ ಇಟಲಿಗೆ ಬಂದ. 1945ರಲ್ಲಿ ಇಟಲಿಯ ಬಾರಿ ಎಂಬ ಬಂದರಿನಲ್ಲಿ ಸಿಪಾಯಿಗಳ ಕ್ರೀಡಾ ಕೇಂದ್ರ ಅವನ ಉಸ್ತುವಾರಿಯಲ್ಲಿತ್ತು. ಬೇಸತ್ತು ಊರಿಗೆ ಹೋಗಲು ಕಾದಿದ್ದ ಸಿಪಾಯಿಗಳ ಗುಂಪಿನ ಮುಂದೆ ನಿಂತು ಫುಟ್‌ಬಾಲಿನ ಬಗ್ಗೆ ಮಾತಾಡುತ್ತಿದ್ದಾಗ, ಸೈನ್ಯದ ತಂಡ ಕರೆದುಕೊಂಡು ಬಂದಿದ್ದ ಒಬ್ಬ ಸ್ಕಾಟ್ಲೆಂಡಿನವನು ಹಿಂದೆ ನಿಂತು ಕೇಳಿಸಿಕೊಂಡ. ಅವನೇ ಮ್ಯಾಟ್ ಬಸ್ಬಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರಾಗಿ ಹೋಗಲಿದ್ದವನು. ಇಬ್ಬರೂ ಹಿಂದೆ ಎದುರುಬದುರಾಗಿ ಆಡಿದ್ದ ಹಾಫ್‌ಬ್ಯಾಕುಗಳು. ಮಾತು ಮುಗಿಯುತ್ತಲೇ ಬಸ್ಬಿ ಹತ್ತಿರ ಬಂದು, ಸೈನ್ಯದಿಂದ ಬಿಡುಗಡೆಯಾದ ಮೇಲೆ ನೆಟ್ಟಗೆ ನನ್ನ ಹತ್ತಿರ ಬಾ ಅಂತ ಕರೆದ. ಬಸ್ಬಿ ಆ ಕ್ಲಬ್ಬಿಗೆ ಮೊಟ್ಟಮೊದಲು ಆರಿಸಿಕೊಂಡವನು ಆಟಗಾರನಲ್ಲ, ಈ ಮಾತುಗಾರ. ಒಬ್ಬ ಮನುಷ್ಯ ಮಾತಾಡುವ ರೀತಿಯನ್ನು ಕೇಳಿ ಕೆಲಸ ಕೊಡುವ ಕಾಲ ಅದು. ನಮ್ಮ ಕಾಲದಲ್ಲಿ ಮೂರು ಸುತ್ತು ಇಂಟರ್‌ವ್ಯೂ.

1946ರಲ್ಲಿ ಮರ್ಫಿ ಮ್ಯಾಂಚೆಸ್ಟರಿಗೆ ಬಂದಾಗ ಕ್ಲಬ್ಬಿಗೆ ಸರಿಯಾದ ಮೈದಾನವೂ ಇರಲಿಲ್ಲ. 1941ರಲ್ಲಿ ಜರ್ಮನ್ ವಿಮಾನಗಳು ಓಲ್ಡ್ ಟ್ರಾಫರ್ಡ್ ಮೇಲೆ ಬಾಂಬು ಹಾಕಿದ್ದವು. 1949ರವರೆಗೆ ಪಕ್ಕದ ಮ್ಯಾಂಚೆಸ್ಟರ್ ಸಿಟಿಯವರ ಮೈದಾನದಲ್ಲಿ ಬಾಡಿಗೆಗೆ ಆಡಬೇಕಾಯಿತು. ಹೊಸ ಆಟಗಾರರನ್ನು ಕೊಳ್ಳೋಣವೆಂದರೆ ಹಣವಿಲ್ಲ. ಹಾಗಿದ್ದ ಮೇಲೆ ಬೆಳೆಸಿಕೊಳ್ಳಬೇಕು. ಊರೂರು ಹುಡುಕಿ ಹದಿನೈದು ವರ್ಷದ ಹುಡುಗರನ್ನು ತರುವುದು, ಮನೆಗಳಲ್ಲಿ ಊಟ-ವಸತಿಗೆ ಇಡುವುದು, ಬೆಳೆಸುವುದು. ತಂದವರು ಹಲವರು. ಬೆಳೆಸಿದವನು ಮುಖ್ಯವಾಗಿ ಮರ್ಫಿ.

ಅವನು ಕಲಿಸುತ್ತಿದ್ದ ರೀತಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಬಸ್ಬಿ ಗಂಭೀರ, ಕೋಟು-ಟೈ, ಮೆಲುದನಿ. ಮರ್ಫಿ ಮೈದಾನದ ನಡುವೆ ಟ್ರ್ಯಾಕ್‌ಸೂಟಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವವನು. ಬೈಗುಳ ಧಾರಾಳ. ಆದರೆ ಬೈದು ಬಿಟ್ಟುಬಿಡುವ ಮೇಷ್ಟ್ರಲ್ಲ. ಎಲ್ಲರೂ ಸ್ನಾನ ಮಾಡಿ ಹೊರಟ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡು, ಅವನೊಬ್ಬನಿಗೇ ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡಿಸುವನು. ಬಾಬಿ ಚಾರ್ಲ್‌ಟನ್ ಎಂಬ ಹುಡುಗ ಬಂದಾಗ ಅವನ ಕಾಲಲ್ಲಿ ಮಾಯೆ ಇತ್ತು, ಆದರೆ ಎಲ್ಲ ಚೆಂಡನ್ನೂ ಮೈದಾನದ ಆ ತುದಿಗೆ ಉದ್ದಕ್ಕೆ ಹೊಡೆದು ನೋಡುತ್ತ ನಿಂತುಬಿಡುವ ಚಾಳಿಯೂ ಇತ್ತು. ಹತ್ತಿರದವನಿಗೆ ಸಣ್ಣ ಪಾಸು ಕೊಟ್ಟು ತಾನೂ ಓಡಬೇಕು ಅನ್ನುವುದನ್ನು ಮರ್ಫಿ ಅವನಿಗೆ ಅರೆದು ಕುಡಿಸಿದ. ಅಭ್ಯಾಸದ ಆಟದಲ್ಲಿ ತಾನೂ ಇಳಿದು, ಹಿಂದಿನಿಂದ ಬಂದು ಮೀನಖಂಡಕ್ಕೆ ಒದೆಯುತ್ತಿದ್ದನಂತೆ. ನಿಜವಾದ ಮ್ಯಾಚಿನಲ್ಲಿ ಒದೆಯುವವರು ಇನ್ನೂ ಜೋರಾಗಿ ಒದೆಯುತ್ತಾರೆ, ಅಭ್ಯಾಸವಾಗಲಿ ಅಂತ. ಚಾರ್ಲ್‌ಟನ್ ಮುಂದೆ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬನಾದ, ಸರ್ ಪದವಿಯೂ ಬಂತು. ತನ್ನ ಆಟವನ್ನು ತಿದ್ದಿದವರಲ್ಲಿ ಮರ್ಫಿಯೇ ಮೊದಲು ಅಂತ ಮುದುಕನಾಗುವವರೆಗೂ ಹೇಳುತ್ತಿದ್ದ.

ಫಲ ಬಂತು. 1952-53ರಲ್ಲಿ ಎಳೆಯರಿಗಾಗಿ ಎಫ್.ಎ. ಯೂತ್ ಕಪ್ ಶುರುವಾಯಿತು. ಮೊದಲ ಐದು ವರ್ಷ, 1953ರಿಂದ 1957ರವರೆಗೆ, ಒಂದೂ ಬಿಡದೆ ಮರ್ಫಿಯ ಹುಡುಗರೇ ಗೆದ್ದರು. ಅವರೇ ದೊಡ್ಡವರ ತಂಡಕ್ಕೆ ಏರಿ 1956 ಮತ್ತು 1957ರಲ್ಲಿ ಲೀಗ್ ಗೆದ್ದರು. ಪತ್ರಿಕೆಗಳು ಅವರಿಗೆ ಬಸ್ಬಿಯ ಕೂಸುಗಳು ಅಂತ ಹೆಸರಿಟ್ಟವು. ನೋಡಿ, ಕೂಸುಗಳಿಗೆ ಕೈತುತ್ತು ಹಾಕಿದವನೊಬ್ಬ, ಹೆಸರು ಇನ್ನೊಬ್ಬನದು. ಮರ್ಫಿ ಇದಕ್ಕಾಗಿ ಮುಖ ಊದಿಸಿಕೊಂಡ ದಾಖಲೆ ಎಲ್ಲೂ ನನಗೆ ಸಿಕ್ಕಲಿಲ್ಲ.

ಆ ಹುಡುಗರಲ್ಲಿ ಅವನ ಕಣ್ಮಣಿ ಡಂಕನ್ ಎಡ್ವರ್ಡ್ಸ್. ಡಡ್ಲಿ ಊರಿನವನು, ಹದಿನಾರಕ್ಕೆ ದೊಡ್ಡ ತಂಡ, ಹದಿನೆಂಟಕ್ಕೆ ಇಂಗ್ಲೆಂಡ್ ತಂಡ. ಮರ್ಫಿಯ ಹಾಗೆಯೇ ಹಾಫ್‌ಬ್ಯಾಕು, ಆದರೆ ಆನೆಯ ಮೈ, ಜಿಂಕೆಯ ಕಾಲು. ಮರ್ಫಿಗೆ 1956ರಿಂದ ವೇಲ್ಸ್ ತಂಡದ ಮ್ಯಾನೇಜರ್ ಕೆಲಸವೂ ಸೇರಿತ್ತು, ಬಿಡುವಿನ ವೇಳೆಯ ಕೆಲಸ. ಇಂಗ್ಲೆಂಡ್ ವಿರುದ್ಧ ಮ್ಯಾಚಿಗೆ ಮುಂಚೆ ತನ್ನ ವೇಲ್ಸ್ ಆಟಗಾರರನ್ನು ಕೂರಿಸಿಕೊಂಡು ಎದುರಾಳಿಗಳ ಒಬ್ಬೊಬ್ಬರ ಗುಟ್ಟನ್ನೂ ಬಿಡಿಸಿ ಹೇಳಿದನಂತೆ. ಎಡ್ವರ್ಡ್ಸ್ ಹೆಸರು ಮಾತ್ರ ಎತ್ತಲೇ ಇಲ್ಲ. ಅವನನ್ನು ಎದುರಿಸಬೇಕಾಗಿದ್ದ ಆಟಗಾರ ಕಳವಳದಿಂದ ಕೇಳಿದ: ಎಡ್ವರ್ಡ್ಸ್ ಬಂದರೆ ನಾನೇನು ಮಾಡಲಿ? ಮರ್ಫಿ ಕೊಟ್ಟ ಸಲಹೆ ಇಷ್ಟೇ: ಅವನ ದಾರಿಗೆ ಅಡ್ಡ ಹೋಗಬೇಡ, ಸುಮ್ಮನೆ ಪೆಟ್ಟು ತಿನ್ನುತ್ತೀಯೆ. ತನ್ನ ದೇಶದ ತಂಡದ ಮುಂದೆ ನಿಂತೂ ತನ್ನ ಶಿಷ್ಯನ ಹೆಮ್ಮೆಯನ್ನು ಮುಚ್ಚಿಡಲಾಗಲಿಲ್ಲ ಪಾಪ.

ಈ ವೇಲ್ಸ್ ಕೆಲಸವೇ ಅವನ ಪ್ರಾಣ ಉಳಿಸಿತು. ಹೇಗೆ ಅನ್ನುವುದು ವಿಚಿತ್ರವಾದ ಕಥೆ, ಸ್ವಲ್ಪ ಬಿಡಿಸಿ ಹೇಳಬೇಕು.

1958ರ ವಿಶ್ವಕಪ್ ಸ್ವೀಡನ್ನಿನಲ್ಲಿ. ವೇಲ್ಸ್ ತನ್ನ ಗುಂಪಿನಲ್ಲಿ ಚೆಕೋಸ್ಲೊವಾಕಿಯದ ಹಿಂದೆ ಎರಡನೆಯದಾಗಿ ಹೊರಬಿದ್ದಿತ್ತು. ಇತ್ತ ಏಷ್ಯಾ-ಆಫ್ರಿಕದ ಗುಂಪಿನಲ್ಲಿ ಇಸ್ರೇಲ್ ಜೊತೆ ಆಡಲು ಟರ್ಕಿ, ಇಂಡೊನೇಷ್ಯಾ, ಸೂಡಾನ್ ಒಂದಾದ ಮೇಲೊಂದು ಹಿಂದೆ ಸರಿದವು. ರಾಜಕೀಯ. ಒಂದೂ ಮ್ಯಾಚು ಆಡದೆ ಇಸ್ರೇಲ್ ಗೆದ್ದಂತಾಯಿತು. ಆಡದವರು ವಿಶ್ವಕಪ್ಪಿಗೆ ಬರುವಂತಿಲ್ಲ ಎಂದಿತು ಫೀಫಾ. ಎರಡನೆಯ ಸ್ಥಾನ ಪಡೆದ ದೇಶಗಳ ಹೆಸರನ್ನು ಚೀಟಿ ಎತ್ತಿ ಒಂದನ್ನು ಇಸ್ರೇಲ್ ಎದುರು ಆಡಿಸಬೇಕೆಂದು ತೀರ್ಮಾನವಾಯಿತು. ವೇಲ್ಸಿಗೆ ಆ ಅವಕಾಶ ಬಂತು. 1958ರ ಜನವರಿ 15ರಂದು ಇಸ್ರೇಲಿನಲ್ಲಿ 2-0ರಿಂದ ಗೆದ್ದರು. ಎರಡನೆಯ ಮ್ಯಾಚು ಫೆಬ್ರುವರಿ 5, ಕಾರ್ಡಿಫ್‌ನಲ್ಲಿ. ಅದೇ ದಿನ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬೆಲ್‌ಗ್ರೇಡ್‌ನಲ್ಲಿ ಯುರೋಪಿಯನ್ ಕಪ್ಪಿನ ಮ್ಯಾಚು. ನಾನೂ ಬೆಲ್‌ಗ್ರೇಡ್‌ಗೆ ಬರುತ್ತೇನೆ ಅಂದ ಮರ್ಫಿ. ಬೇಡ, ನಿನ್ನ ದೇಶದ ಕೆಲಸ ನೋಡಿಕೋ ಅಂದ ಬಸ್ಬಿ. ವಿಮಾನದಲ್ಲಿ ಬಸ್ಬಿಯ ಪಕ್ಕದ ಕುರ್ಚಿ ಯಾವಾಗಲೂ ಮರ್ಫಿಯದು. ಆ ಸಲ ಅಲ್ಲಿ ಕೂತವನು ಇನ್ನೊಬ್ಬ ಕೋಚು, ಬರ್ಟ್ ವ್ಹೇಲಿ.

ಕಾರ್ಡಿಫ್‌ನಲ್ಲಿ ವೇಲ್ಸ್ 2-0 ಗೆದ್ದಿತು, ಚರಿತ್ರೆಯಲ್ಲಿ ಮೊದಲ ಬಾರಿಗೆ ವಿಶ್ವಕಪ್ಪಿಗೆ ಹೋಯಿತು. ಬೆಲ್‌ಗ್ರೇಡ್‌ನಲ್ಲಿ ಹುಡುಗರು 3-3 ಮಾಡಿಕೊಂಡು ಸೆಮಿಫೈನಲ್ಲಿಗೆ ಏರಿದರು. ಮಾರನೆಯ ದಿನ, ಫೆಬ್ರುವರಿ 6, ಮರ್ಫಿ ಖುಷಿಯಿಂದ ರೈಲಿನಲ್ಲಿ ಮ್ಯಾಂಚೆಸ್ಟರಿಗೆ ಬಂದು, ಟ್ಯಾಕ್ಸಿ ಹಿಡಿದು ಓಲ್ಡ್ ಟ್ರಾಫರ್ಡ್‌ಗೆ ಹೋದ. ಮೈದಾನ ಭಣಗುಡುತ್ತಿತ್ತು. ಬಸ್ಬಿಯ ಕಾರ್ಯದರ್ಶಿ ಆಲ್ಮಾ ಜಾರ್ಜ್ ಎದುರಿಗೆ ಬಂದಳು. ಮ್ಯಾಚು ಗೆದ್ದ ಸುದ್ದಿ ಹೇಳುತ್ತಲೇ ಇದ್ದವನಿಗೆ, ವಿಮಾನ ಬಿದ್ದಿದೆ ಅಂತ ಅವಳು ಹೇಳಿದ್ದು ಮೊದಲ ಸಲ ಕಿವಿಗೆ ಹೋಗಲಿಲ್ಲ. ಎರಡನೆಯ ಸಲ ಹೇಳಿದಳು. ಮೂರನೆಯ ಸಲ ಹೇಳುವಾಗ ಅವಳೇ ಅಳುತ್ತಿದ್ದಳು. ಮರ್ಫಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ.

ವಿಮಾನ ಪೆಟ್ರೋಲು ತುಂಬಿಸಿಕೊಳ್ಳಲು ಮ್ಯೂನಿಕ್‌ನಲ್ಲಿ ಇಳಿದಿತ್ತು. ಹಿಮ ಬೀಳುತ್ತಿತ್ತು. ಎರಡು ಸಲ ಮೇಲೇರಲು ಹೋಗಿ ನಿಂತಿತು. ಮೂರನೆಯ ಸಲ ರನ್‌ವೇ ಮೇಲಿನ ಕೆಸರುಹಿಮದಲ್ಲಿ ವೇಗ ಸಾಲದೆ, ಬೇಲಿ ಮುರಿದುಕೊಂಡು ಹೋಗಿ ಮನೆಯೊಂದಕ್ಕೆ ಬಡಿಯಿತು. 44 ಜನರಲ್ಲಿ ಕೊನೆಗೆ ಸತ್ತವರು 23. ಆಟಗಾರರು ಎಂಟು: ರೋಜರ್ ಬರ್ನ್, ಜೆಫ್ ಬೆಂಟ್, ಎಡ್ಡಿ ಕೋಲ್ಮನ್, ಮಾರ್ಕ್ ಜೋನ್ಸ್, ಡೇವಿಡ್ ಪೆಗ್, ಟಾಮಿ ಟೇಲರ್, ಲಿಯಾಮ್ ವೀಲನ್, ಡಂಕನ್ ಎಡ್ವರ್ಡ್ಸ್. ಹೆಸರುಗಳನ್ನು ಸುಮ್ಮನೆ ಬರೆದಿಲ್ಲ. ಇವರಲ್ಲಿ ಎಷ್ಟೋ ಜನ ಮರ್ಫಿಯ ಕಣ್ಣೆದುರಿಗೆ ಮೀಸೆ ಬಂದವರು. ತರಬೇತುದಾರ ಟಾಮ್ ಕರಿ, ಕ್ಲಬ್ಬಿನ ಕಾರ್ಯದರ್ಶಿ ವಾಲ್ಟರ್ ಕ್ರಿಕ್ಮರ್ ಹೋದರು. ಬಸ್ಬಿಯ ಪಕ್ಕದ ಕುರ್ಚಿಯ ಬರ್ಟ್ ವ್ಹೇಲಿಯೂ ಹೋದ.

ಮರ್ಫಿ ಮಾರನೆಯ ದಿನವೇ ಮ್ಯೂನಿಕ್‌ಗೆ ಹೋದ. ಆಸ್ಪತ್ರೆಯಲ್ಲಿ ಬಸ್ಬಿ ಆಮ್ಲಜನಕದ ಡೇರೆಯೊಳಗೆ. ಮಾತು ಬಾರದ ಸ್ಥಿತಿಯಲ್ಲೂ ನಾನು ಬರುವವರೆಗೆ ಬಾವುಟ ಕೆಳಗಿಳಿಸಬೇಡ ಅನ್ನುವ ಅರ್ಥದ ಮಾತನ್ನು ಅವನ ಕೈಹಿಡಿದು ಹೇಳಿದನಂತೆ. ಎಡ್ವರ್ಡ್ಸ್‌ಗೆ ಅರೆಪ್ರಜ್ಞೆ. ಗುರುವಿನ ಗುರುತು ಹಿಡಿದು ಅವನು ಕೇಳಿದ್ದು, ಶನಿವಾರದ ಮ್ಯಾಚು ಎಷ್ಟು ಗಂಟೆಗೆ ಅಂತ. ಹಗಲೆಲ್ಲ ಹಾಸಿಗೆಯಿಂದ ಹಾಸಿಗೆಗೆ ಹೋಗಿ ನಗುತ್ತ ಧೈರ್ಯ ಹೇಳಿದ ಮರ್ಫಿ, ರಾತ್ರಿ ಹೋಟೆಲಿನ ಮೆಟ್ಟಿಲ ಮೇಲೆ ಕತ್ತಲಲ್ಲಿ ಒಬ್ಬನೇ ಕೂತು ಬಿಕ್ಕುತ್ತಿದ್ದುದನ್ನು ಗೋಲ್‌ಕೀಪರ್ ಹ್ಯಾರಿ ಗ್ರೆಗ್ ನೋಡಿದ. ನೋಡಿದ್ದನ್ನು ತಿಳಿಸದೆ ಹಿಂದಕ್ಕೆ ಸರಿದ.

ಮುಂದಿನದು ಯೋಚಿಸಿ. ಎರಡು ವಾರದೊಳಗೆ ಕಪ್ ಮ್ಯಾಚು. ತಂಡವೇ ಇಲ್ಲ. ವಿಮಾನದಲ್ಲಿದ್ದು ಆಡುವ ಸ್ಥಿತಿಯಲ್ಲಿ ಉಳಿದವರು ಗ್ರೆಗ್ ಮತ್ತು ಬಿಲ್ ಫೌಕ್ಸ್ ಇಬ್ಬರೇ. ಅವರನ್ನು ರೈಲಿನಲ್ಲಿ, ಹಡಗಿನಲ್ಲಿ ಊರಿಗೆ ಕರೆತಂದ. ಕಚೇರಿಯಲ್ಲಿ ಕಾರ್ಯದರ್ಶಿ ಇಲ್ಲ, ಮೈದಾನದಲ್ಲಿ ಕೋಚುಗಳಿಲ್ಲ. ಒಂದು ದಿನ ಒಬ್ಬ ಹುಡುಗನ ಅಂತ್ಯಸಂಸ್ಕಾರ, ಮಾರನೆಯ ದಿನ ಇನ್ನೊಬ್ಬನದು. ನಡುನಡುವೆ ಟೆಲಿಫೋನಿನಲ್ಲಿ ಆಟಗಾರರಿಗಾಗಿ ಮಾತುಕತೆ. ಪತ್ರಿಕೆಯವರ ಕಾಟ ತಡೆಯಲಾರದೆ ಉಳಿದ ಹುಡುಗರನ್ನು ಬ್ಲ್ಯಾಕ್‌ಪೂಲ್‌ನ ಒಂದು ಹೋಟೆಲಿಗೆ ಕರೆದೊಯ್ದ. ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಎರ್ನಿ ಟೇಲರ್ ಎಂಬ ಕುಳ್ಳ, ಅನುಭವಸ್ಥ, ಬಂದ. ಆಸ್ಟನ್ ವಿಲ್ಲಾದ ಸ್ಟ್ಯಾನ್ ಕ್ರೌದರ್‌ನನ್ನು ಮ್ಯಾಚು ಶುರುವಾಗುವ ಸುಮಾರು ಒಂದು ಗಂಟೆ ಮುಂಚೆ ಕಾಗದಕ್ಕೆ ಸಹಿ ಹಾಕಿಸಿ ತೆಗೆದುಕೊಂಡರು. ಆ ವರ್ಷವೇ ಬೇರೆ ಕ್ಲಬ್ಬಿಗೆ ಕಪ್ಪಿನಲ್ಲಿ ಆಡಿದವನು ಮತ್ತೆ ಆಡುವಂತಿರಲಿಲ್ಲ. ಅವನೊಬ್ಬನಿಗಾಗಿ ನಿಯಮ ಸಡಿಲಿಸಿದರು. ಬಿಷಪ್ ಆಕ್‌ಲೆಂಡ್ ಎಂಬ ಹವ್ಯಾಸಿ ತಂಡದವರು ತಮ್ಮ ಮೂವರನ್ನು ಕಳಿಸಿಕೊಟ್ಟರು.

ಫೆಬ್ರುವರಿ 19ರ ರಾತ್ರಿ ಷೆಫೀಲ್ಡ್ ವೆನ್ಸ್‌ಡೇ ಎದುರು ಮ್ಯಾಚು. 1935ರಲ್ಲಿ ಆಟಗಾರ ಮರ್ಫಿಯನ್ನು ಫೈನಲ್ಲಿನಲ್ಲಿ ಸೋಲಿಸಿದ ಅದೇ ಕ್ಲಬ್ಬು. ಮಾರುವ ಕಾರ್ಯಕ್ರಮ ಪತ್ರಿಕೆಯಲ್ಲಿ ಯುನೈಟೆಡ್ ಆಟಗಾರರ ಹೆಸರಿನ ಜಾಗದಲ್ಲಿ ಹನ್ನೊಂದು ಖಾಲಿ ಗೆರೆ. ಅಚ್ಚಿಗೆ ಹೋಗುವ ಹೊತ್ತಿಗೆ ಯಾರು ಆಡುತ್ತಾರೆಂದು ಮರ್ಫಿಗೇ ಗೊತ್ತಿರಲಿಲ್ಲ. ಸುಮಾರು 60 ಸಾವಿರ ಜನ ಬಂದಿದ್ದರು, ಎಷ್ಟೋ ಜನ ಅಳುತ್ತಲೇ ಇದ್ದರು. 3-0. ಷೇ ಬ್ರೆನನ್ ಎಂಬ ಹುಡುಗ, ಮೊದಲ ತಂಡಕ್ಕೆ ಅವನ ಮೊದಲ ಮ್ಯಾಚು, ಎರಡು ಗೋಲು ಹೊಡೆದ. ಇನ್ನೊಂದು ಅಲೆಕ್ಸ್ ಡಾಸನ್‌ನದು. ಎದುರಾಳಿಗಳಿಗೆ ಪಾಪ ಗೆಲ್ಲುವ ಮನಸ್ಸಾದರೂ ಹೇಗೆ ಬಂದೀತು? ಎರಡು ದಿನ ಕಳೆದು, ಫೆಬ್ರುವರಿ 21ರಂದು, ಎಡ್ವರ್ಡ್ಸ್ ಮ್ಯೂನಿಕ್‌ನಲ್ಲಿ ತೀರಿಕೊಂಡ. ವಯಸ್ಸು 21.

ಆಮೇಲೆ ಆದದ್ದು ನಂಬುವಂಥದ್ದಲ್ಲ. ಲೀಗಿನಲ್ಲಿ ಆ ಅರೆಬರೆ ತಂಡ ಸೋತು ಸೋತು ಒಂಬತ್ತನೆಯ ಸ್ಥಾನಕ್ಕಿಳಿಯಿತು, ಅದು ಸಹಜ. ಆದರೆ ಕಪ್ಪಿನಲ್ಲಿ ಮರ್ಫಿಯ ಹಳೆಯ ಕ್ಲಬ್ಬಾದ ವೆಸ್ಟ್ ಬ್ರಾಮ್‌ವಿಚ್ಚನ್ನು ಮರುಪಂದ್ಯದಲ್ಲಿ 1-0ರಿಂದ, ಫುಲ್‌ಹ್ಯಾಮನ್ನು ಮರುಪಂದ್ಯದಲ್ಲಿ 5-3ರಿಂದ ಸೋಲಿಸಿ ಫೈನಲ್ಲಿಗೆ ಹೋಯಿತು. 1958ರ ಮೇ 3ರಂದು ವೆಂಬ್ಲಿಯಲ್ಲಿ ಬೋಲ್ಟನ್ ಎದುರು 0-2 ಸೋಲು. ಐದು ದಿನದ ನಂತರ ಯುರೋಪಿಯನ್ ಕಪ್ಪಿನ ಸೆಮಿಫೈನಲ್ಲಿನಲ್ಲಿ ಮಿಲಾನ್ ತಂಡವನ್ನು ಮನೆಯಲ್ಲಿ 2-1ರಿಂದ ಗೆದ್ದರು. ಇಟಲಿಗೆ ಮತ್ತೆ ವಿಮಾನ ಹತ್ತಲಿಲ್ಲ, ರೈಲು-ಹಡಗು ಹಿಡಿದು ಹೋಗಿ ಅಲ್ಲಿ 0-4ರಿಂದ ಸೋತರು. ಆ ಎರಡೂ ಮ್ಯಾಚಿಗೆ ಚಾರ್ಲ್‌ಟನ್ ಇರಲಿಲ್ಲ. ಮ್ಯೂನಿಕ್‌ನಲ್ಲಿ ಗಾಯಗೊಂಡು ಬದುಕಿ ಬಂದ ಇಪ್ಪತ್ತರ ಹುಡುಗನನ್ನು ಇಂಗ್ಲೆಂಡ್ ತಂಡದವರು ಸ್ನೇಹಪಂದ್ಯಗಳಿಗೆ ಎಳೆದುಕೊಂಡು ಹೋಗಿದ್ದರು. ಅದರಲ್ಲೊಂದು ಮ್ಯಾಚು ಬೆಲ್‌ಗ್ರೇಡ್‌ನಲ್ಲೇ! ಇದನ್ನು ಓದಿದಾಗ ನನಗೆ ಬಂದ ಕೋಪವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಉಸಿರು ಬಿಡಲು ಒಂದು ತಿಂಗಳೂ ಸಿಗಲಿಲ್ಲ. ಜೂನ್‌ನಲ್ಲಿ ವೇಲ್ಸ್ ತಂಡ ಕಟ್ಟಿಕೊಂಡು ಸ್ವೀಡನ್ನಿಗೆ. ಹಂಗೆರಿ, ಮೆಕ್ಸಿಕೊ, ಸ್ವೀಡನ್ ಮೂರರ ಜೊತೆಗೂ ಸಮ. ಹಂಗೆರಿಯ ಜೊತೆ ಮರುಪಂದ್ಯದಲ್ಲಿ 2-1 ಗೆಲುವು, ಆದರೆ ತಂಡದ ದೈತ್ಯ ಜಾನ್ ಚಾರ್ಲ್ಸ್‌ಗೆ ಒದ್ದು ಒದ್ದು ಕುಂಟುವ ಹಾಗೆ ಮಾಡಿದ್ದರು. ಜೂನ್ 19ರಂದು ಗೋಥೆನ್‌ಬರ್ಗ್‌ನಲ್ಲಿ ಕ್ವಾರ್ಟರ್ ಫೈನಲ್, ಎದುರಿಗೆ ಬ್ರೆಜಿಲ್. ಇಲ್ಲಿ ಹಳೆಯ ಹಾಫ್‌ಬ್ಯಾಕಿನ ಪಾಠ ಕೆಲಸ ಮಾಡಿತು. ಆ ಬ್ರೆಜಿಲ್ ಸೆಮಿಫೈನಲ್ಲಿನಲ್ಲಿ ಐದು, ಫೈನಲ್ಲಿನಲ್ಲಿ ಐದು ಗೋಲು ಹೊಡೆದ ತಂಡ. ವೇಲ್ಸ್ ಅದನ್ನು ಒಂದು ಗಂಟೆಗೂ ಮೀರಿ ಗೋಲಿಲ್ಲದೆ ಹಿಡಿದು ನಿಲ್ಲಿಸಿತು. ಕೊನೆಗೆ ಒಂದೇ ಒಂದು ಗೋಲು, ಅದೂ ಯಾರದೋ ಕಾಲಿಗೆ ತಗುಲಿ ದಾರಿ ಬದಲಿಸಿ ಒಳಹೋದದ್ದು. ಹೊಡೆದವನು ಹದಿನೇಳು ವರ್ಷದ ಒಬ್ಬ ಹುಡುಗ, ವಿಶ್ವಕಪ್ಪಿನಲ್ಲಿ ಅವನ ಮೊದಲ ಗೋಲು. ಅವನ ಹೆಸರು ಪೆಲೆ. ವೇಲ್ಸ್ ಮತ್ತೆ ವಿಶ್ವಕಪ್ ಕಾಣಲು 2022ರವರೆಗೆ, 64 ವರ್ಷ, ಕಾಯಬೇಕಾಯಿತು.

ಅಷ್ಟರಲ್ಲಿ ಬಸ್ಬಿ ಕೋಲು ಊರಿಕೊಂಡು ಮರಳಿದ್ದ. ಈಗ ಮರ್ಫಿಯ ಹೆಸರು ಊರಿಗೆಲ್ಲ ಗೊತ್ತು. ಆರ್ಸೆನಲ್, ಇಟಲಿಯ ಯುವೆಂಟಸ್, ಬ್ರೆಜಿಲ್‌ನವರೂ ಕೂಡ ಕರೆದರೆಂದು ಹೇಳುತ್ತಾರೆ. ಎಲ್ಲಿಗೂ ಹೋಗಲಿಲ್ಲ. ಮ್ಯಾನೇಜರ್ ಕುರ್ಚಿಯನ್ನು ಒರೆಸಿ ಬಸ್ಬಿಗೆ ಬಿಟ್ಟುಕೊಟ್ಟು, ಮತ್ತೆ ಟ್ರ್ಯಾಕ್‌ಸೂಟು ಹಾಕಿಕೊಂಡು ಎಳೆಯರ ನಡುವೆ ಹೋಗಿ ನಿಂತ. ನಮ್ಮ ಕೋಣೆಯಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯ. ಮಹತ್ವಾಕಾಂಕ್ಷೆ ಸಾಲದು ಅಂದ ಧಾರವಾಡದವನು. ನನಗೆ ಹಾಗನ್ನಿಸುವುದಿಲ್ಲ. ಮುಂದೆ ನಿಂತು ಪತ್ರಿಕೆಯವರ ಜೊತೆ, ನಿರ್ದೇಶಕರ ಜೊತೆ ಮಾತಾಡುವುದು ಅವನಿಗೆ ಹಿಂಸೆ. ಆ ಮೂರು ತಿಂಗಳು ಮಾಡಿ ತೋರಿಸಿದ, ಬಾರದೆ ಇರುವ ಕೆಲಸವಲ್ಲ, ಬೇಡವಾದ ಕೆಲಸ. ಒಬ್ಬ ಹುಡುಗನ ಎಡಗಾಲನ್ನು ತಿದ್ದುವುದರಲ್ಲಿ ಸಿಗುವ ಸುಖ ಬೇರೆಲ್ಲೂ ಇಲ್ಲ ಅಂತ ಅವನಿಗೆ ಗೊತ್ತಿತ್ತು.

ನಮ್ಮ ದೇಶದಲ್ಲೂ ಅದೇ ಕಾಲದಲ್ಲಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಇದ್ದರು, ಶಾಲಾ ಮೇಷ್ಟ್ರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನಕ್ಕೆ ಒಯ್ದವರು. ನಮ್ಮ ಬೆಂಗಳೂರಿನ ಹುಡುಗರೂ ಅವರ ಕೈಯಲ್ಲಿ ಪಳಗಿದವರು. ಮರುವರ್ಷವೇ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಮೇಲೆ ಒಂದು ಹಿಂದಿ ಸಿನಿಮಾ ಬರಲು 2024 ಆಗಬೇಕಾಯಿತು. ಮರ್ಫಿಯ ಮೇಲೆ ಬಿ.ಬಿ.ಸಿ.ಯವರು ಟಿ.ವಿ. ಚಿತ್ರ ಮಾಡಿದ್ದು 2011ರಲ್ಲಿ. ಕೋಚುಗಳ ಪಾಡು ಎಲ್ಲ ದೇಶದಲ್ಲೂ ಒಂದೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವೇಲ್ಸ್ ಕೆಲಸ 1964ರವರೆಗೆ ನಡೆಯಿತು. ಮ್ಯಾಂಚೆಸ್ಟರಿನಲ್ಲಿ 1963ರಲ್ಲಿ ಕಪ್ಪು, 1965 ಮತ್ತು 1967ರಲ್ಲಿ ಲೀಗು. 1968ರ ಮೇ 29ರಂದು, ಮ್ಯೂನಿಕ್‌ನ ಹತ್ತು ವರ್ಷಕ್ಕೆ, ವೆಂಬ್ಲಿಯಲ್ಲಿ ಬೆನ್‌ಫಿಕಾವನ್ನು 4-1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದರು. ಮೈದಾನದಲ್ಲಿ ಚಾರ್ಲ್‌ಟನ್, ಫೌಕ್ಸ್ ಇದ್ದರು. ಖಾಲಿ ಗೆರೆಗಳ ರಾತ್ರಿಯ ಷೇ ಬ್ರೆನನ್ ಕೂಡ ಇದ್ದ. ಬಸ್ಬಿಗೆ ಸರ್ ಪದವಿ ಬಂತು. ಮರ್ಫಿ 1971ರಲ್ಲಿ ನಿವೃತ್ತನಾದ. ಆಮೇಲೂ ಸುಮ್ಮನೆ ಕೂರಲಿಲ್ಲ, ಸಣ್ಣ ಊರುಗಳ ಮೈದಾನದ ಅಂಚಿನಲ್ಲಿ ನಿಂತು ಹುಡುಗರನ್ನು ಹುಡುಕಿಕೊಡುತ್ತಿದ್ದ. ಸ್ಟೀವ್ ಕೊಪೆಲ್, ಗಾರ್ಡನ್ ಹಿಲ್ ಇಬ್ಬರೂ ಅವನ ಕಣ್ಣಿಗೆ ಬಿದ್ದು ಬಂದವರು. ಜೀವನವಿಡೀ ಕಾರು ಓಡಿಸಲು ಕಲಿಯಲಿಲ್ಲ. 1989ರ ನವೆಂಬರ್ 14ರಂದು, 79ನೆಯ ವಯಸ್ಸಿನಲ್ಲಿ ತೀರಿಕೊಂಡ. ಕ್ಲಬ್ಬು ಪ್ರತಿವರ್ಷ ತನ್ನ ಅತ್ಯುತ್ತಮ ಎಳೆಯ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಅವನ ಹೆಸರಿದೆ.

ಓಲ್ಡ್ ಟ್ರಾಫರ್ಡ್‌ನಲ್ಲಿ ಬಸ್ಬಿಯ ವಿಗ್ರಹ 1996ರಲ್ಲೇ ನಿಂತಿತು. ಮರ್ಫಿಯದನ್ನು ನಿಲ್ಲಿಸಿದ್ದು 2023ರ ಮೇ 3ರಂದು, ಆ ಅರೆಬರೆ ತಂಡ ವೆಂಬ್ಲಿಗೆ ಹೋಗಿ ಸೋತ ದಿನಕ್ಕೆ ಸರಿಯಾಗಿ 65 ವರ್ಷ. ಅದೇ ವರ್ಷ ಅಕ್ಟೋಬರ್ 21ರಂದು ಬಾಬಿ ಚಾರ್ಲ್‌ಟನ್ ಕೂಡ ಕಣ್ಣು ಮುಚ್ಚಿದ. ಆ ವಿಮಾನದಲ್ಲಿದ್ದ ಆಟಗಾರರಲ್ಲಿ ಕೊನೆಯವನು.

ನಮ್ಮ ಕೋಣೆಯಲ್ಲಿ ಈಗ ಗೋಡೆಯ ಮೇಲೆ ಒಂದು ಕಪ್ಪು-ಬಿಳುಪು ಚಿತ್ರ ಅಂಟಿಸಿದ್ದೇವೆ. ಅಂಟಿಸಿದವನು ಕೆಜಿಎಫ್‌ನವನು. ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕರು ಅದನ್ನು ನೋಡಿ ಇವರು ಯಾರು, ನಿಮ್ಮ ತಾತನವರೇ ಅಂತ ಕೇಳಿದರು. ಅವನು ಹೌದು ಅಂದ.